ಕೊಟ್ಟದ್ದನ್ನು ಬರೆದುಕೊಡಿ

ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರ ಹಣ್ಣು ಕುಯ್ಯುವ ಕಾಲದಲ್ಲಿ ಒಳ್ಳೆಯ ಫಸಲು ಕೊಟ್ಟ ಗಿಡಗಳ ಹಣ್ಣನ್ನು ಬೇರೆ ತೆಗೆದಿಡುತ್ತಾನೆ. ಸಿಪ್ಪೆ ಬಿಡಿಸಿ, ಬೂದಿ ಹಚ್ಚಿ, ನೆರಳಲ್ಲಿ ಒಣಗಿಸಿ ಸಸಿಮಡಿಗೆ ಹಾಕುತ್ತಾನೆ. ಮಿಕ್ಕಿದ್ದನ್ನು ನೆಂಟರಿಗೋ ಪಕ್ಕದ ತೋಟದವರಿಗೋ ಕೊಡುತ್ತಾನೆ. ಆ ಬೀಜ ಎಸ್.795 ಆಗಿದ್ದರೆ ಅದರ ಹಿಂದೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರ ವರ್ಷಗಟ್ಟಲೆಯ ದುಡಿಮೆ ಇದೆ. 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದ ಆ ತಳಿ ಇವತ್ತಿಗೂ ಮಲೆನಾಡಿನ ಅರೇಬಿಕಾ ತೋಟಗಳಲ್ಲಿ ನಿಂತಿದೆ. ಅದನ್ನು ಬಿತ್ತಿದ್ದಕ್ಕೆ, ಹಂಚಿದ್ದಕ್ಕೆ ಯಾರ ಮನೆಗೂ ವಕೀಲರ ನೋಟಿಸು ಬರುವುದಿಲ್ಲ.

ಬಾರದಿರುವುದಕ್ಕೆ ವಾಡಿಕೆಯೊಂದೇ ಕಾರಣವಲ್ಲ, ಕಾನೂನಿನ ಬಲವೂ ಇದೆ. 1970ರ ಪೇಟೆಂಟ್ ಕಾಯ್ದೆಯ ಮೂರನೇ ಕಲಮು ಯಾವುದಕ್ಕೆಲ್ಲ ಪೇಟೆಂಟ್ ಕೊಡಕೂಡದು ಎಂದು ಪಟ್ಟಿ ಮಾಡುತ್ತದೆ. ಅದರ ‘ಜೆ’ ಉಪಕಲಮಿನ ಪ್ರಕಾರ ಗಿಡ, ಪ್ರಾಣಿ, ಬೀಜ, ತಳಿ ಇವು ಪೇಟೆಂಟಿಗೆ ಹೊರತು. ತಳಿಗಳಿಗೆಂದೇ 2001ರಲ್ಲಿ ಬೇರೆ ಕಾಯ್ದೆ ಬಂದಾಗ ಬೀಜ ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚುವ ರೈತನ ಹಕ್ಕನ್ನು ಅಲ್ಲೂ ಬರೆದಿಟ್ಟರು. ಪಟ್ಟಿಯಲ್ಲಿ ‘ಜೆ’ ಮುಗಿದ ಕೂಡಲೇ ಬರುವುದು ‘ಕೆ’. ಗಣಿತದ ವಿಧಾನ, ವ್ಯಾಪಾರದ ವಿಧಾನ, ಆಲ್ಗಾರಿದಮ್ಮು ಮತ್ತು ಬರೀ ಕಂಪ್ಯೂಟರ್ ಪ್ರೋಗ್ರಾಮು, ಇವಕ್ಕೂ ಪೇಟೆಂಟ್ ಇಲ್ಲ ಎನ್ನುವ ಸಾಲು ಅದು. ಬೀಜದ ಸಾಲು, ತಂತ್ರಾಂಶದ ಸಾಲು ಎರಡೂ ಕಾಯ್ದೆಯೊಳಗೆ ಬಂದದ್ದು 2002ರ ಒಂದೇ ತಿದ್ದುಪಡಿಯಲ್ಲಿ.

‘ಜೆ’ಗೆ ಯಾರಾದರೂ ಕೈ ಹಾಕಿದರೆ ರೈತಸಂಘದವರು ರಸ್ತೆಗಿಳಿಯುತ್ತಾರೆ. ‘ಕೆ’ಗೆ ಒಂದಲ್ಲ, ಹಲವು ಸಲ ಕೈ ಹಾಕಿದ್ದಾರೆ, ನಮ್ಮ ಕಡೆ ಅದೊಂದು ಸುದ್ದಿಯೂ ಆಗಲಿಲ್ಲ. ಬೀಜದ ಸಾಲನ್ನು ಕಾಯುವಷ್ಟೇ ನಿಗಾದಿಂದ ಅದರ ಕೆಳಗಿನ ಸಾಲನ್ನೂ ಕಾಯಬೇಕು ಎಂಬುದು ನನ್ನ ವಾದ. ಅದಕ್ಕೆ ಅಂಟಿಕೊಂಡ ಇನ್ನೊಂದು ಮಾತಿದೆ: ತಂತ್ರಾಂಶವನ್ನು ಪುಕ್ಕಟೆ ಕೊಡುವವರು ಬಾಯಿಮಾತಿನಲ್ಲಿ ಕೊಟ್ಟರೆ ಸಾಲದು.

ಇದು ಬೆಂಗಳೂರಿನ ವೈಟ್‌ಫೀಲ್ಡಿನವರ ತಲೆನೋವು, ಕಾಫಿ ಮೆಣಸು ನೋಡಿಕೊಂಡಿರುವವರಿಗೆ ಏಕೆ ಎನ್ನುವವರಿದ್ದಾರೆ. ಪಹಣಿ ಕಂಪ್ಯೂಟರಿಗೆ ಹೋಗಿ ಇಪ್ಪತ್ತೈದು ವರ್ಷವಾಯಿತು. ಕಾಫಿ ದರ ಬೆಳಗಾಗುತ್ತಲೇ ವಾಟ್ಸಾಪಿಗೆ ಬರುತ್ತದೆ. ಆನೆ ಹಿಂಡು ಇವತ್ತು ಯಾವ ತೋಟದ ಮಗ್ಗುಲಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಕೆಲವು ಆನೆಗಳ ಕುತ್ತಿಗೆಗೆ ರೇಡಿಯೊ ಕಾಲರ್ ಕಟ್ಟಿದ್ದಾರೆ. ಆ ಸಂದೇಶ ಹೊತ್ತಿಗೆ ಸರಿಯಾಗಿ, ಓದಲು ಬರುವ ಕನ್ನಡದಲ್ಲಿ ಮುಟ್ಟುವುದು ಕೂಲಿಗೆ ಹೊರಟವರಿಗೆ ಜೀವದ ಪ್ರಶ್ನೆ. ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ 1991ರಲ್ಲಿ ಶುರು ಮಾಡಿ, ಊರೂರಿನ ಸಾವಿರಾರು ಜನ ಬೆಳೆಸಿದ ಮುಕ್ತ ತಂತ್ರಾಂಶ ಅದು. ಹೀಗಿರುವಾಗ ಈ ಮುಕ್ತ ತಂತ್ರಾಂಶದ ಮೇಲೆ ಯಾರು ಯಾವ ಹಕ್ಕು ಹೂಡುತ್ತಾರೆ ಎಂಬುದು ಆಲೂರಿಗೂ ಸಂಬಂಧಪಟ್ಟ ವಿಷಯವೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ತಂತ್ರಾಂಶ ಬರೆದವರಿಗೆ ಕಾನೂನಿನಲ್ಲಿ ರಕ್ಷಣೆಯೇ ಇಲ್ಲ ಎಂದಲ್ಲ. ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಕತೆ, ಕಾದಂಬರಿಗಳ ಸಾಲಿನಲ್ಲಿ ಸಾಹಿತ್ಯಕೃತಿ ಎಂದೇ ಎಣಿಸುತ್ತದೆ. ನೀವು ಬರೆದ ಸಾಲುಗಳನ್ನು ನಾನು ಕದ್ದರೆ ನೀವು ನನ್ನನ್ನು ಕೋರ್ಟಿಗೆಳೆಯಬಹುದು. ಆದರೆ ನಿಮ್ಮದನ್ನು ನೋಡದೆ, ಅದೇ ಕೆಲಸ ಮಾಡುವ ಪ್ರೋಗ್ರಾಮನ್ನು ನನ್ನ ಬುದ್ಧಿಯಿಂದಲೇ ಬರೆದರೆ ನಾನು ತಪ್ಪಿತಸ್ಥನಲ್ಲ. ಪೇಟೆಂಟಿನ ರೀತಿ ಬೇರೆ. ಅದು ಕಟ್ಟಿಹಾಕುವುದು ಸಾಲುಗಳನ್ನಲ್ಲ, ಉಪಾಯವನ್ನು. ಯಾರನ್ನೂ ನೋಡದೆ, ಯಾರಿಂದಲೂ ಕದಿಯದೆ, ರಾತ್ರಿಯೆಲ್ಲ ಕೂತು ನಾನೇ ಕಂಡುಕೊಂಡ ದಾರಿಯೂ ಬೇರೊಬ್ಬರ ಪೇಟೆಂಟಿನೊಳಗೆ ಬಿದ್ದರೆ ನಾನು ತಪ್ಪಿತಸ್ಥನೇ. ಇಪ್ಪತ್ತು ವರ್ಷ ಆ ದಾರಿಯಲ್ಲಿ ನಡೆಯುವಂತಿಲ್ಲ. ನಡೆದರೆ ಸುಂಕ ಕಟ್ಟಬೇಕು. ಹೊಸ ಔಷಧಿಗೋ ಎಂಜಿನ್ನಿಗೋ ಕೋಟಿಗಟ್ಟಲೆ ಹಾಕಿದವರಿಗೆ ಇಂಥ ಕಟ್ಟು ಬೇಕು ಎಂದರೆ ಕೇಳಬಹುದು. ಪ್ರೋಗ್ರಾಮು ಸಾವಿರಾರು ಚಿಕ್ಕ ಚಿಕ್ಕ ಉಪಾಯಗಳನ್ನು ಪೋಣಿಸಿದ ವಸ್ತು. ಪ್ರತಿಯೊಂದಕ್ಕೂ ಒಬ್ಬ ಒಡೆಯ ಎಂದಾದರೆ ಸೊಗಸಾಗಿ ಬರೆಯುವವನಲ್ಲ, ಹೆಚ್ಚು ವಕೀಲರನ್ನು ಇಟ್ಟುಕೊಂಡವನು ಗೆಲ್ಲುತ್ತಾನೆ.

ಮುಕ್ತ ತಂತ್ರಾಂಶಕ್ಕೆ ಪೆಟ್ಟು ಬೀಳುವುದು ಇಲ್ಲೇ. ಅದರ ಪರವಾನಗಿಗಳೆಲ್ಲ ಕಾಪಿರೈಟಿನ ನೆಲದ ಮೇಲೆ ನಿಂತಿವೆ. ನಾನು ಬರೆದದ್ದು ನನ್ನದು, ಅದನ್ನು ಎಲ್ಲರಿಗೂ ಈ ಷರತ್ತಿನ ಮೇಲೆ ಕೊಟ್ಟಿದ್ದೇನೆ ಎಂಬುದು ಅವುಗಳ ಧಾಟಿ. ಆದರೆ ಮೂರನೆಯವನೊಬ್ಬ ಬಂದು, ನೀನು ಕೊಟ್ಟದ್ದು ನಿನ್ನ ಸಾಲುಗಳನ್ನಷ್ಟೆ, ಅದರೊಳಗಿನ ಉಪಾಯ ನನ್ನದು ಎಂದರೆ ಆ ಪರವಾನಗಿಯಿಂದ ಪ್ರಯೋಜನವಿಲ್ಲ. ಮುಕ್ತ ತಂತ್ರಾಂಶದ ಮೂಲ ಸಂಕೇತ ಬಯಲಲ್ಲಿರುವುದರಿಂದ ಹುಡುಕುವವನಿಗೆ ಸಲೀಸು ಬೇರೆ. ಮುಚ್ಚಿಟ್ಟ ತಂತ್ರಾಂಶದೊಳಗೆ ಯಾರ ಪೇಟೆಂಟು ಮುರಿದಿದ್ದಾರೋ ಹೊರಗಿನವರಿಗೆ ತಿಳಿಯುವುದು ಕಷ್ಟ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ರೈಲಿಗೆ ಅದರದೇ ಅಭಿಮಾನಿಗಳಿದ್ದಾರೆ. 57 ಸುರಂಗಗಳ ಆ ಘಾಟಿಯಲ್ಲಿ ಎಂಜಿನ್ನಿನ ಸದ್ದನ್ನು ಕೇಳಿಯೇ ಅದರ ಜಾತಿ ಹೇಳುವವರೂ ಇದ್ದಾರೆ. ಅಂಥವರಿಗೆ ಅಮೆರಿಕದ ಒಂದು ವ್ಯಾಜ್ಯ ಹಿಡಿಸೀತು, ಏಕೆಂದರೆ ಅದು ಆಟದ ರೈಲಿನ ವ್ಯಾಜ್ಯ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಬಾಬ್ ಜೇಕಬ್ಸನ್ ಹವ್ಯಾಸಕ್ಕೆಂದು ಮಾದರಿ ರೈಲುಗಳನ್ನು ಕಂಪ್ಯೂಟರಿನಿಂದ ನಡೆಸುವ ತಂತ್ರಾಂಶವನ್ನು ಇತರರೊಡನೆ ಸೇರಿ ಬರೆದು ಎಲ್ಲರಿಗೂ ಬಿಟ್ಟಿದ್ದರು. ಮ್ಯಾಥ್ಯೂ ಕಾಟ್ಜರ್ ಎಂಬವರ ಕಂಪನಿ ಅದೇ ಬಗೆಯ ತಂತ್ರಾಂಶವನ್ನು ಮಾರುತ್ತಿತ್ತು. ಅದರ ಬಳಿ ಪೇಟೆಂಟೂ ಇತ್ತು. ಇಳಿಸಿಕೊಂಡ ಪ್ರತಿಯೊಂದು ಪ್ರತಿಗೂ ಇಷ್ಟು ಎಂದು ಲೆಕ್ಕ ಹಾಕಿ, ಎರಡು ಲಕ್ಷ ಡಾಲರಿಗೂ ಹೆಚ್ಚು ಕಟ್ಟು ಎಂದು ಅವರು ಜೇಕಬ್ಸನ್‌ಗೆ ಪತ್ರ ಬರೆದರು. ಒಂದು ಕಾಸೂ ಪಡೆಯದೆ ಹಂಚಿದ ವಸ್ತುವಿಗೆ ರಾಯಧನ! ಜೇಕಬ್ಸನ್ ಹೆದರಿ ಕೈಬಿಡಲಿಲ್ಲ. 2006ರಲ್ಲಿ ಅವರೇ ಕೋರ್ಟಿಗೆ ಹೋದರು. ವ್ಯಾಜ್ಯ ನಡೆದ ಹಾಗೆ ಇನ್ನೊಂದು ಸಂಗತಿ ಹೊರಬಿತ್ತು: ಮುಕ್ತ ತಂತ್ರಾಂಶದ ಗುಂಪು ಬರೆದಿದ್ದ ಕಡತಗಳನ್ನು ಕಾಟ್ಜರ್ ಕಂಪನಿಯೇ ಬರೆದವರ ಹೆಸರನ್ನೂ ಹೇಳದೆ ತನ್ನ ಉತ್ಪನ್ನದಲ್ಲಿ ಸೇರಿಸಿಕೊಂಡಿತ್ತು.

2008ರ ಆಗಸ್ಟಿನಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಕೊಟ್ಟ ತೀರ್ಪು ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ದೊಡ್ಡದು. ದುಡ್ಡು ತೆಗೆದುಕೊಳ್ಳದೆ ಕೊಟ್ಟ ಮಾತ್ರಕ್ಕೆ ಪರವಾನಗಿಯ ಷರತ್ತುಗಳು ಹುಸಿಯಾಗುವುದಿಲ್ಲ, ಮುರಿದರೆ ಅದು ಕಾಪಿರೈಟಿನ ಉಲ್ಲಂಘನೆಯೇ ಎಂದಿತು ನ್ಯಾಯಾಲಯ. 2010ರಲ್ಲಿ ರಾಜಿಯಾಗಿ ಕಾಟ್ಜರ್ ಕಡೆಯವರೇ ಒಂದು ಲಕ್ಷ ಡಾಲರ್ ಕೊಡಲು ಒಪ್ಪಿದರು. ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಗೆದ್ದದ್ದಲ್ಲ. ಜೇಕಬ್ಸನ್ ಕೈಯಲ್ಲಿ ಬರೆದಿಟ್ಟ ಪರವಾನಗಿ ಇತ್ತು, ಯಾವ ದಿನ ಯಾವ ಸಾಲು ಪ್ರಕಟವಾಯಿತು ಎಂಬ ದಾಖಲೆ ಇತ್ತು. ಬರೀ ಒಳ್ಳೆಯ ಮನಸ್ಸಷ್ಟೇ ಇದ್ದಿದ್ದರೆ ಎರಡು ಲಕ್ಷ ಡಾಲರಿನ ಬಿಲ್ಲು ಹಿಡಿದುಕೊಂಡು ಅಳಬೇಕಿತ್ತು.

2019ರಲ್ಲಿ ಇನ್ನೊಂದು ಆಯಿತು. ಲಿನಕ್ಸ್ ಬಳಸುವವರಿಗೆ ಗ್ನೋಮ್ ಎಂಬ ಮುಕ್ತ ತಂತ್ರಾಂಶ ಗೊತ್ತು. ಅದರ ಸಂಸ್ಥೆ ಲಾಭಕ್ಕಾಗಿ ನಡೆಯುವುದಲ್ಲ. ಅವರ ಶಾಟ್‌ವೆಲ್ ಎಂಬ ಫೋಟೊ ಜೋಡಿಸುವ ತಂತ್ರಾಂಶ ನಮ್ಮ ಪೇಟೆಂಟನ್ನು ಮುರಿದಿದೆ ಎಂದು ರಾತ್‌ಸ್ಚೈಲ್ಡ್ ಪೇಟೆಂಟ್ ಇಮೇಜಿಂಗ್ ಎಂಬ ಕಂಪನಿ ದಾವೆ ಹೂಡಿತು. ಏನನ್ನೂ ತಯಾರಿಸದೆ ಪೇಟೆಂಟುಗಳನ್ನಷ್ಟೇ ಇಟ್ಟುಕೊಂಡು ಪತ್ರ ಬರೆಯುತ್ತ ಹೋಗುವುದು ಇಂಥ ಕಂಪನಿಗಳ ಕಸುಬು. ಕೋರ್ಟಿನ ಖರ್ಚಿಗಿಂತ ಕೇಳಿದಷ್ಟು ಕೊಟ್ಟು ಕೈತೊಳೆದುಕೊಳ್ಳುವುದು ಅಗ್ಗ, ಹಾಗಾಗಿ ಬಹಳ ಜನ ಕೊಟ್ಟುಬಿಡುತ್ತಾರೆ. ಗ್ನೋಮ್ ಕೊಡಲಿಲ್ಲ. ಬಳಕೆದಾರರು ಚಿಲ್ಲರೆ ಚಿಲ್ಲರೆಯಾಗಿ ಒಂದೂವರೆ ಲಕ್ಷ ಡಾಲರಿನ ಹತ್ತಿರ ಕೂಡಿಸಿ ಕೊಟ್ಟರು. 2020ರ ಮೇ ತಿಂಗಳಲ್ಲಿ ಆ ಕಂಪನಿ ದಾವೆ ಬಿಟ್ಟದ್ದಲ್ಲದೆ, ಮುಕ್ತ ಪರವಾನಗಿಯ ಯಾವ ತಂತ್ರಾಂಶದ ಮೇಲೂ ತನ್ನ ಪೇಟೆಂಟುಗಳನ್ನು ಪ್ರಯೋಗಿಸುವುದಿಲ್ಲ ಎಂದು ಬರೆದುಕೊಟ್ಟಿತು. ಗ್ನೋಮ್‌ಗೆ ಜಗತ್ತಿನ ತುಂಬ ಬಳಗವಿದೆ. ಕನ್ನಡದ ಚಿಕ್ಕದೊಂದು ತಂತ್ರಾಂಶಕ್ಕೆ ಇಂಥ ನೋಟಿಸು ಬಂದರೆ ಎಷ್ಟು ಜನ ಎಷ್ಟು ರೂಪಾಯಿ ಕೊಟ್ಟೇವು, ಎದೆ ಮುಟ್ಟಿಕೊಂಡು ಹೇಳಬೇಕು.

ದೊಡ್ಡವರ ಕಾಳಗಗಳನ್ನು ಇಲ್ಲಿ ಬಿಚ್ಚುತ್ತ ಹೋಗುವುದಿಲ್ಲ. ಲಿನಕ್ಸ್ ಮತ್ತಿತರ ಮುಕ್ತ ತಂತ್ರಾಂಶಗಳು ನಮ್ಮ 235 ಪೇಟೆಂಟುಗಳನ್ನು ಮುರಿದಿವೆ ಎಂದು ಮೈಕ್ರೋಸಾಫ್ಟ್ 2007ರಲ್ಲಿ ಗುಡುಗಿತ್ತು. ಅದೇ ಮೈಕ್ರೋಸಾಫ್ಟ್ 2018ರಲ್ಲಿ ಲಿನಕ್ಸ್ ರಕ್ಷಣೆಗೆಂದು ಹುಟ್ಟಿದ ಪೇಟೆಂಟ್ ಒಕ್ಕೂಟಕ್ಕೆ ಸುಮಾರು ಅರವತ್ತು ಸಾವಿರ ಪೇಟೆಂಟುಗಳೊಂದಿಗೆ ಸೇರಿಕೊಂಡಿತು. ಮನಪರಿವರ್ತನೆಯೋ ವ್ಯಾಪಾರವೋ, ಎರಡನೆಯದೇ ಹೆಚ್ಚಿರಬಹುದು. ಆಂಡ್ರಾಯ್ಡ್ ವಿಷಯದಲ್ಲಿ ಒರಾಕಲ್ ಗೂಗಲ್ ಮೇಲೆ 2010ರಲ್ಲಿ ಹೂಡಿದ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೂಗಲ್ ಪರ ಮುಗಿದದ್ದು 2021ರಲ್ಲಿ. ಹನ್ನೊಂದು ವರ್ಷ ವಕೀಲರಿಗೆ ಫೀಸು ಕೊಡಬಲ್ಲವರ ಜಗಳ ಅದು.

ನಮ್ಮ ಕಾಯ್ದೆ ಇವೆಲ್ಲಕ್ಕೂ ಮೊದಲೇ ‘ಕೆ’ ಎಂಬ ಸಾಲು ಬರೆದು ಬಾಗಿಲು ಹಾಕಿಕೊಂಡಿತ್ತು. ಪೂರ್ತಿ ಹಾಕಲಿಲ್ಲ, ಬರೀ ಪ್ರೋಗ್ರಾಮಿಗೆ ಮಾತ್ರ ನಿಷೇಧ ಎಂಬ ಸಂದು ಉಳಿಯಿತು. ಮಲೆನಾಡಿನವರಿಗೆ ಒತ್ತುವರಿ ಹೇಗಾಗುತ್ತದೆ ಎಂದು ಹೇಳಿಕೊಡಬೇಕಿಲ್ಲ. ಬೇಲಿ ಕೀಳುವುದಿಲ್ಲ, ವರ್ಷವರ್ಷ ಒಂದೊಂದು ಮೊಳ ಸರಿಸುತ್ತಾರೆ. 2004ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಉದ್ಯಮದಲ್ಲಿ ತಾಂತ್ರಿಕವಾಗಿ ಬಳಕೆಯಾಗುವ ಅಥವಾ ಯಂತ್ರದೊಡನೆ ಕೂಡಿದ ಪ್ರೋಗ್ರಾಮಿಗೆ ಪೇಟೆಂಟ್ ಕೊಡಬಹುದು ಎಂದಿತು. ಯಂತ್ರವಿಲ್ಲದೆ ಓಡುವ ಪ್ರೋಗ್ರಾಮು ಎಲ್ಲಿದೆ? 2005ರಲ್ಲಿ ಸಂಸತ್ತು ಕಾಯ್ದೆ ಮಾಡುವಾಗ ಈ ಭಾಗವನ್ನು ಕೈಬಿಟ್ಟಿತು. ಸಂಸತ್ತು ಬೇಡವೆಂದದ್ದು 2015ರಲ್ಲಿ ಪೇಟೆಂಟ್ ಕಚೇರಿಯ ಮಾರ್ಗಸೂಚಿಯ ವೇಷದಲ್ಲಿ ಬಂತು. ಆ ವರ್ಷದ ಆಗಸ್ಟಿನ ಮಾರ್ಗಸೂಚಿ ‘ಕೆ’ಯನ್ನು ಎಷ್ಟು ಸಡಿಲ ಮಾಡಿತೆಂದರೆ ಮುಕ್ತ ತಂತ್ರಾಂಶದ ಸಂಘಟನೆಗಳೂ ಸ್ಟಾರ್ಟಪ್‌ಗಳ ಒಕ್ಕೂಟವೂ ಒಟ್ಟಾಗಿ ಪ್ರಧಾನಿ ಕಚೇರಿಗೆ ಪತ್ರ ಬರೆದವು. ಡಿಸೆಂಬರಿನಲ್ಲಿ ಅದನ್ನು ತಡೆಹಿಡಿದರು. 2016ರ ಫೆಬ್ರವರಿಯಲ್ಲಿ ಬಂದ ಹೊಸ ಮಾರ್ಗಸೂಚಿ, ಪ್ರೋಗ್ರಾಮಿನ ಜೊತೆ ಹೊಸ ಯಂತ್ರಾಂಶವೂ ಇದ್ದರೆ ಮಾತ್ರ ಪೇಟೆಂಟ್ ಎಂದು ಗಟ್ಟಿಯಾಗಿ ಹೇಳಿತು. 2017ರಲ್ಲಿ ಆ ಗಟ್ಟಿ ಮಾತನ್ನೂ ತೆಗೆದುಬಿಟ್ಟರು.

ಆಮೇಲೆ ನ್ಯಾಯಾಲಯಗಳ ಸರದಿ. 2019ರ ಡಿಸೆಂಬರಿನಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, ಪ್ರೋಗ್ರಾಮಿನಿಂದ ‘ತಾಂತ್ರಿಕ ಪರಿಣಾಮ’ ಉಂಟಾಗುವುದಾದರೆ ಪೇಟೆಂಟ್ ಪರಿಗಣಿಸಬಹುದು ಎಂದಿತು. 2024ರ ಮಾರ್ಚಿನಲ್ಲಿ ಅದೇ ಹೈಕೋರ್ಟು ಎರಿಕ್ಸನ್ ಪೇಟೆಂಟುಗಳನ್ನು ಮುರಿದದ್ದಕ್ಕೆ ಲಾವಾ ಎಂಬ ನಮ್ಮ ದೇಶದ ಫೋನ್ ಕಂಪನಿ 244 ಕೋಟಿ ರೂಪಾಯಿ ಕಟ್ಟಬೇಕೆಂದಿತು. ಅವೆಲ್ಲ ಬರೀ ಆಲ್ಗಾರಿದಮ್ಮುಗಳು, ‘ಕೆ’ಯ ಪ್ರಕಾರ ಪೇಟೆಂಟಿಗೆ ಹೊರತು ಎಂದು ಲಾವಾ ಮಾಡಿದ ವಾದ ನಿಲ್ಲಲಿಲ್ಲ. ದೂರಸಂಪರ್ಕದ ಪೇಟೆಂಟಿಗೂ ಕನ್ನಡ ಬೆರಳಚ್ಚಿನ ತಂತ್ರಾಂಶಕ್ಕೂ ಅಂತರವಿದೆ, ಒಪ್ಪುತ್ತೇನೆ. ಆದರೆ ‘ತಾಂತ್ರಿಕ ಪರಿಣಾಮ’ ಎಂಬ ಮಾತಿನೊಳಗೆ ಏನನ್ನು ಬೇಕಾದರೂ ತುಂಬಬಹುದು, ಅದೇ ನನ್ನ ತಕರಾರು.

ಕನ್ನಡದ ವಿಷಯಕ್ಕೆ ಬಂದರೆ ಇದು ದೂರದ ಮಾತಲ್ಲ. ನಾವು ಕನ್ನಡ ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾಯರದು, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಕನ್ನಡದ ಇಡೀ ವರ್ಣಮಾಲೆಯನ್ನು ಕೂರಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ಇಷ್ಟು ಸಲೀಸಾದದ್ದನ್ನು ಕಂಡುಹಿಡಿಯಬೇಕಿತ್ತೇ ಎನ್ನಿಸುವಷ್ಟು ಸಲೀಸು, ಅದೇ ಅದರ ಹೆಚ್ಚುಗಾರಿಕೆ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಕರ್ನಾಟಕ ಸರಕಾರ ಅವರ ವಿನ್ಯಾಸವನ್ನೇ ಅಧಿಕೃತ ಮಾಡಿತು, ‘ನುಡಿ’ ತಂತ್ರಾಂಶದಲ್ಲಿರುವುದು ಅದೇ. ಅದಕ್ಕೆ ಅವರು ರಾಯಧನ ಕೇಳಲಿಲ್ಲ. ಅಮೆರಿಕದಂಥ ಕಾನೂನಿನಡಿ, ಬೇರೆ ಸ್ವಭಾವದವರೊಬ್ಬರು ಆ ವಿನ್ಯಾಸಕ್ಕೆ ಪೇಟೆಂಟ್ ಪಡೆದಿದ್ದರೆ ಕನ್ನಡ ಕಂಪ್ಯೂಟರಿಗೆ ಕಾಲಿಡುತ್ತಿದ್ದ ಇಪ್ಪತ್ತು ವರ್ಷವೂ ಪ್ರತಿಯೊಂದು ಡಿಟಿಪಿ ಅಂಗಡಿ ಅವರಿಗೆ ಕಪ್ಪ ಕಟ್ಟಬೇಕಿತ್ತು.

ರಾಯರು ಕೇಳದಿದ್ದದ್ದು ರಾಯರ ದೊಡ್ಡತನ. ಒಂದು ಭಾಷೆ ಒಬ್ಬರ ದೊಡ್ಡತನದ ಆಸರೆಯಲ್ಲೇ ನಿಂತಿರಬಾರದು ಎಂಬುದು ಆಮೇಲೆ ತಿಳಿಯಿತು. ಆಂಡ್ರಾಯ್ಡ್ ಫೋನಿಗೆ ಕನ್ನಡ ಬರತೊಡಗಿದ ಹೊಸತರಲ್ಲಿ ಮೊಬೈಲಿನ ಕನ್ನಡ ಕೀಲಿಮಣೆಯ ಮೇಲೇ ಪೇಟೆಂಟಿನ ಮಾತೆದ್ದು, ಅದನ್ನು ಪುಕ್ಕಟೆ ಹಂಚುತ್ತಿದ್ದವರಿಗೂ ಹಕ್ಕು ನಮ್ಮದೆಂದವರಿಗೂ ಜಟಾಪಟಿ ನಡೆಯಿತು. ಹೆಸರುಗಳು ಇಲ್ಲಿ ಬೇಕಿಲ್ಲ. ಎಲ್ಲರದು ಎಂದು ಎಲ್ಲರೂ ನಂಬಿದ್ದ ವಸ್ತುವಿಗೆ, ಎಲ್ಲರದು ಎಂದು ತೋರಿಸುವ ಕಾಗದ ಎಲ್ಲಿದೆ ಎಂದು ಹುಡುಕುವ ಪ್ರಸಂಗ ಬಂತಲ್ಲ, ಅದು ಮುಖ್ಯ.

ಅದಕ್ಕೂ ಹಿಂದಿನ ಜಗಳ ಹಲವರಿಗೆ ನೆನಪಿದ್ದೀತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಪುಕ್ಕಟೆ ಸಿಕ್ಕಿತು, ಮನೆಮನೆಗೂ ಹೋಯಿತು. ಅದಾದ ಕೆಲವೇ ವರ್ಷಗಳಲ್ಲಿ ಸರಕಾರದ ಬೆಂಬಲದೊಂದಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ‘ನುಡಿ’ಯಲ್ಲಿ ತಮ್ಮ ಕೆಲಸದ ನಕಲಿದೆ ಎಂದು ‘ಬರಹ’ದ ಕಡೆಯಿಂದ ಆರೋಪ ಬಂತು, ಪತ್ರಿಕೆಗಳಲ್ಲಿ ಪರ ವಿರೋಧ ನಡೆಯಿತು. ಯಾರು ಸರಿ ಎಂದು ನಾನು ತೀರ್ಪು ಕೊಡಹೊರಟಿಲ್ಲ, ಕೊಡಲು ಬರುವಂತೆಯೂ ಇರಲಿಲ್ಲ. ಎರಡೂ ಪುಕ್ಕಟೆ, ಎರಡೂ ಮುಚ್ಚಿದ ತಂತ್ರಾಂಶ. ಮೂಲ ಸಂಕೇತ ಬಯಲಲ್ಲಿದ್ದರೆ ಅರಿತವರು ಎರಡನ್ನೂ ಎದುರು ಬದುರು ಇಟ್ಟು ನೋಡಿ ಒಂದೇ ವಾರದಲ್ಲಿ ಹೇಳುತ್ತಿದ್ದರು. ಅದಿಲ್ಲದೆ ಓದುಗರಿಗೆ ಉಳಿದದ್ದು ನಂಬಿಕೆ ಅಥವಾ ಗುಮಾನಿ. ‘ಬರಹ’ದ ಮುಂದಿನ ಆವೃತ್ತಿಗಳು ದುಡ್ಡಿಗೆ ಬಂದವು. ಅದು ಅವರ ಹಕ್ಕು. ಪುಕ್ಕಟೆ ಎಂಬುದು ಕೊಡುವವರ ಇಷ್ಟ, ಯಾವತ್ತು ಬೇಕಾದರೂ ನಿಲ್ಲಬಹುದು. ಮುಕ್ತ ಎಂಬುದು ಪಡೆದವರ ಹಕ್ಕು, ಹಿಂದಕ್ಕೆ ಕಿತ್ತುಕೊಳ್ಳಲು ಬರುವುದಿಲ್ಲ.

ಮುಚ್ಚಿದ ತಂತ್ರಾಂಶಕ್ಕೆ ತೆತ್ತ ಬೆಲೆ ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಯುನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕಡತಗಳನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಪಂಚಾಯಿತಿಯ ನಡವಳಿ, ಸಹಕಾರ ಸಂಘದ ವರದಿ, ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆ ಎಷ್ಟೋ ಹೀಗೆ ಓದಲಾಗದ ರಾಶಿಯಾಗಿವೆ. ಅವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಬರೆದು ಮೂಲ ಸಂಕೇತದ ಸಮೇತ ಹಂಚಿದವರಲ್ಲಿ ಸ್ವಯಂಸೇವಕರಿದ್ದಾರೆ, ಯಾರೂ ಹೇಳದೆ, ಸಂಬಳವಿಲ್ಲದೆ.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಕೂತು ಈ ವಿಷಯಕ್ಕೆ ತಲೆ ಕೊಟ್ಟದ್ದು ಸಾಹಿತ್ಯದವರಿಗೆ ಆಗ ವಿಚಿತ್ರವಾಗಿ ಕಂಡಿತ್ತು. ಕಾದಂಬರಿ ಬರೆಯುವುದು ಬಿಟ್ಟು ತಂತ್ರಾಂಶದ ಜಗಳವೇಕೆ ಎಂದವರುಂಟು. ಅವರು ಬಿಡಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ‘ಕುವೆಂಪು ಕನ್ನಡ ತಂತ್ರಾಂಶ’ ಹೊರಬರಲು ಬೆನ್ನಿಗೆ ನಿಂತರು. 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವರ ಶಕ್ತಿ ಬಹಳಷ್ಟು ಇದಕ್ಕೆ ಹೋಯಿತು. ಸಕಲೇಶಪುರದಿಂದ ಗಂಟೆಯ ದಾರಿಯ ಊರಿನಲ್ಲಿದ್ದ ಒಬ್ಬ ಕಾಫಿ ಬೆಳೆಗಾರ, ಲೇಖಕ, ಭಾಷೆಯ ಉಳಿವು ಇನ್ನು ಮೇಲೆ ತಂತ್ರಾಂಶ ಯಾರ ಕೈಯಲ್ಲಿದೆ ಎಂಬುದನ್ನು ನೆಚ್ಚಿದೆ ಎಂದು ನಮ್ಮೆಲ್ಲರಿಗಿಂತ ಮೊದಲು ಕಂಡಿದ್ದರು. ಅವರ ಕಾದಂಬರಿಗಳನ್ನು ಮತ್ತೆ ಮತ್ತೆ ಮೆಲುಕು ಹಾಕುವ ನಾವು ಈ ಕಾಳಜಿಯನ್ನು ಅವರ ಜೊತೆಗೇ ಕಳಿಸಿಕೊಟ್ಟೆವು.

ಎದುರು ವಾದಕ್ಕೆ ಸಲ್ಲುವ ಮರ್ಯಾದೆ ಸಲ್ಲಬೇಕು. ಆಲೂರಿನ ಹುಡುಗಿಯೊಬ್ಬಳು ಎಂಜಿನಿಯರಿಂಗ್ ಓದಿ ಬಂದು, ತೋಟದ ಮಣ್ಣಿನ ತೇವ ನೋಡಿ ತಾನೇ ನೀರು ಬಿಡುವ ಸಾಧನ ಮಾಡಿದಳೆನ್ನಿ. ದೊಡ್ಡ ಕಂಪನಿ ಅದನ್ನು ನಕಲು ಮಾಡಿದರೆ ಪೇಟೆಂಟಲ್ಲದೆ ಬೇರೇನು ಗತಿ ಎಂದು ಕೇಳುತ್ತಾರೆ. ಸಾಧನಕ್ಕೆ, ಅದರ ಹೊಸ ರಚನೆಗೆ ಪೇಟೆಂಟ್ ಪಡೆಯಲು ‘ಕೆ’ ಅಡ್ಡಿ ಮಾಡುವುದಿಲ್ಲ. ಒಳಗಿನ ಪ್ರೋಗ್ರಾಮಿಗೆ ಕಾಪಿರೈಟ್ ಬರೆದ ಗಳಿಗೆಯಿಂದಲೇ ಇದೆ, ಅರ್ಜಿಯೂ ಬೇಡ, ಶುಲ್ಕವೂ ಬೇಡ. ಇನ್ನು ಪ್ರೋಗ್ರಾಮಿಗೂ ಪೇಟೆಂಟ್ ಸಿಗುವಂತಾದರೆ ಅವಳಿಗೆ ಸಿಗುವುದು ಒಂದು; ಅವಳ ಸಾಧನದೊಳಗಿನ ಉಪಾಯಗಳ ಮೇಲೆ ಎದುರಾಳಿಯ ಬಳಿ ಇರುವುದು ನೂರು. ತೂಕ ಯಾವ ಕಡೆ ಎಂದು ಹೇಳಬೇಕಿಲ್ಲ.

ಜಗಳ ಕೋರ್ಟಿಗೆ ಹೋಯಿತು ಎನ್ನೋಣ. ಪೇಟೆಂಟ್ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ, ಅಂದರೆ ಆಲೂರು ಬಿಟ್ಟು ಹಾಸನಕ್ಕೆ. ಆ ಪೇಟೆಂಟೇ ಸಲ್ಲದು ಎಂದು ಪ್ರತಿವಾದಿ ಪ್ರತಿದಾವೆ ಹಾಕಿದ ಗಳಿಗೆಯಲ್ಲಿ ಕಡತ ಹೈಕೋರ್ಟಿಗೆ ಹೋಗುತ್ತದೆ, ಅಂದರೆ ಬೆಂಗಳೂರಿಗೆ. ಪೇಟೆಂಟ್ ಕೊಡುವ ಕಚೇರಿಯೋ ಕರ್ನಾಟಕದಲ್ಲಿಲ್ಲ, ನಮ್ಮದು ಚೆನ್ನೈ ಕಚೇರಿಯ ವ್ಯಾಪ್ತಿ. ನಿಯಮದ ಪ್ರಕಾರ ಅರ್ಜಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರಬೇಕು. ಕನ್ನಡದ ಕಾಗುಣಿತವನ್ನು ಕಂಪ್ಯೂಟರ್ ಹೇಗೆ ಜೋಡಿಸಬೇಕು ಎಂಬ ಉಪಾಯಕ್ಕೆ ಯಾರಾದರೂ ಹಕ್ಕು ಕೇಳಿದರೂ ಆ ಅರ್ಜಿ ಕನ್ನಡದಲ್ಲಿರುವುದಿಲ್ಲ. ಅದು ಹಳೆಯ ಉಪಾಯ, ನಮ್ಮಲ್ಲಿ ಮೊದಲೇ ಇತ್ತು ಎಂದು ಹೇಳಬಲ್ಲ ಕನ್ನಡದ ಲೇಖನ, ಕೈಪಿಡಿ ಪರಿಶೀಲನೆ ಮಾಡುವ ಅಧಿಕಾರಿಯ ಕಣ್ಣಿಗೆ ಬೀಳುವ ಸಂಭವವೂ ಕಡಿಮೆ. ಚಿಕ್ಕ ಭಾಷೆಗಳಿಗೆ ತಂತ್ರಾಂಶ ಪೇಟೆಂಟು ದೊಡ್ಡ ಭಾಷೆಗಳಿಗಿಂತ ಹೆಚ್ಚು ಅಪಾಯ ಎನ್ನುವುದು ಇದಕ್ಕೇ.

ಮುಕ್ತ ತಂತ್ರಾಂಶದವರೆಲ್ಲ ಸಾಧುಗಳೇನಲ್ಲ. ಸ್ವಯಂಸೇವಕರು ಬರೆದದ್ದನ್ನು ಬಾಚಿಕೊಂಡು ಕೋಟಿ ಗಳಿಸಿ, ತಿರುಗಿ ಏನೂ ಕೊಡದ ಕಂಪನಿಗಳು ಬೇಕಾದಷ್ಟಿವೆ. ಬರೆದವರು ಎರಡು ವರ್ಷ ಹುರುಪಿನಲ್ಲಿ ನಡೆಸಿ, ಮದುವೆಯೋ ಕೆಲಸವೋ ಆದಮೇಲೆ ಬಿಟ್ಟುಬಿಟ್ಟ ಕನ್ನಡ ಯೋಜನೆಗಳೂ ಇವೆ. ಆದರೆ ಸಂಕೇತ ಬಯಲಲ್ಲಿದ್ದರೆ ಬಿಟ್ಟುಹೋದದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು.

ಹಾಗಾಗಿ ಕೊಡುವವರು ಬರೆದುಕೊಡಬೇಕು. ಎಂಐಟಿ ಪರವಾನಗಿಯಂಥ ನಾಲ್ಕು ಸಾಲಿನವು ಪೇಟೆಂಟಿನ ಹೆಸರನ್ನೇ ಎತ್ತುವುದಿಲ್ಲ. 2004ರ ಅಪಾಚೆ ಪರವಾನಗಿಯ ಎರಡನೇ ಆವೃತ್ತಿಯೂ 2007ರ ಜಿಪಿಎಲ್ ಮೂರನೇ ಆವೃತ್ತಿಯೂ ಅದನ್ನು ನೇರವಾಗಿ ಎತ್ತುತ್ತವೆ: ಈ ತಂತ್ರಾಂಶಕ್ಕೆ ತನ್ನ ಪಾಲು ಸೇರಿಸಿದವನು ಆ ಪಾಲಿಗೆ ಸಂಬಂಧಿಸಿದ ತನ್ನ ಪೇಟೆಂಟನ್ನು ಬಳಸುವವರ ಮೇಲೆ ಎತ್ತುವಂತಿಲ್ಲ. ಈ ಜಿಪಿಎಲ್ ಕರಡನ್ನು ಚರ್ಚಿಸಲು ಕರೆದ ಅಂತರರಾಷ್ಟ್ರೀಯ ಸಭೆಗಳಲ್ಲಿ ನಾಲ್ಕನೆಯದು ನಡೆದದ್ದು ಬೆಂಗಳೂರಿನ ಐಐಎಂನಲ್ಲಿ, 2006ರ ಆಗಸ್ಟ್ 23 ಮತ್ತು 24ರಂದು. ಮುಕ್ತ ತಂತ್ರಾಂಶದ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ ಬಂದಿದ್ದರು. ಜಗತ್ತಿನ ಮುಕ್ತ ತಂತ್ರಾಂಶಕ್ಕೆ ಪೇಟೆಂಟಿನಿಂದ ಕಾವಲು ಹಾಕುವ ಮಾತು ನಮ್ಮ ರಾಜಧಾನಿಯಲ್ಲೇ ಆಗಿತ್ತು. ಆಮೇಲೆ ಬಂದ ಎಷ್ಟೋ ಕನ್ನಡ ತಂತ್ರಾಂಶಗಳು ಪರವಾನಗಿಯ ಕಾಗದವೇ ಇಲ್ಲದೆ ‘ಉಚಿತ’ ಎಂಬ ಒಂದು ಶಬ್ದ ಹೊತ್ತು ಬಂದವು.

ಸರಕಾರದ ಹೊಣೆ ಇನ್ನೂ ಹೆಚ್ಚು. ಕೇಂದ್ರ ಸರಕಾರ 2015ರಲ್ಲಿ ಮುಕ್ತ ತಂತ್ರಾಂಶ ಬಳಕೆಯ ನೀತಿ ಪ್ರಕಟಿಸಿದೆ. ಜನರ ತೆರಿಗೆಯಿಂದ ಬರೆಸಿದ ಫಾಂಟು, ನಿಘಂಟು, ಕೀಲಿಮಣೆ, ಆನೆ ಎಚ್ಚರಿಕೆಯ ಆ್ಯಪು ಯಾವುದೇ ಇರಲಿ, ಮೂಲ ಸಂಕೇತದ ಸಮೇತ, ದಿನಾಂಕದ ಸಮೇತ, ಪೇಟೆಂಟ್ ಷರತ್ತಿರುವ ಪರವಾನಗಿಯಡಿ ಹೊರಬರಬೇಕು ಎಂದು ರಾಜ್ಯ ಸರಕಾರ ಟೆಂಡರಿನಲ್ಲೇ ಬರೆಯಲಿ. ಹೀಗೆ ಪ್ರಕಟವಾದ ಸಂಕೇತ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮುಂದೆ ಯಾರಾದರೂ ಅದೇ ಉಪಾಯ ತಮ್ಮದೆಂದು ಅರ್ಜಿ ಹಾಕಿದರೆ, ಇದು ಮೊದಲೇ ಇತ್ತು ಎನ್ನಲು ಸಾಕ್ಷಿಯಾಗುತ್ತದೆ.

ಸಾಕ್ಷಿ ಇದ್ದರೆ ಸಾಲದು, ಹೇಳುವವರು ಬೇಕು. ಕಾಯ್ದೆಯ 25ನೇ ಕಲಮಿನ ಪ್ರಕಾರ ಪ್ರಕಟವಾದ ಅರ್ಜಿಗೆ ಪೇಟೆಂಟ್ ಸಿಗುವ ಮುನ್ನ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಕೀಲರೇ ಆಗಬೇಕಿಲ್ಲ, ಆ ಅರ್ಜಿಯಿಂದ ತನಗೆ ನಷ್ಟವಾಗಿದೆ ಎಂದು ತೋರಿಸಬೇಕಾಗಿಯೂ ಇಲ್ಲ. 2024ರ ಮಾರ್ಚಿನ ತಿದ್ದುಪಡಿಯಲ್ಲಿ ಇದಕ್ಕೂ ಶುಲ್ಕ ಹಾಕಿದರು, ಬಾಗಿಲನ್ನು ಮತ್ತಷ್ಟು ಕಿರಿದು ಮಾಡಿದರು, ಮುಚ್ಚಿಲ್ಲ. ಅರ್ಜಿ ಪ್ರಕಟವಾಗಿ ಆರು ತಿಂಗಳು ಕಳೆಯುವ ಮುಂಚೆ ಪೇಟೆಂಟ್ ಕೊಡುವಂತಿಲ್ಲ. ಪೇಟೆಂಟ್ ಕಚೇರಿಯ ಜರ್ನಲ್ ಪ್ರತಿ ಶುಕ್ರವಾರ ಅಂತರಜಾಲದಲ್ಲಿ ಬರುತ್ತದೆ, ಓದಲು ದುಡ್ಡಿಲ್ಲ. ಅದನ್ನು ವಾರವಾರ ತಿರುವಿ, ಕನ್ನಡಕ್ಕೆ, ಭಾರತೀಯ ಲಿಪಿಗಳಿಗೆ ಸಂಬಂಧಿಸಿದ ಅರ್ಜಿ ಕಂಡಾಗ ವಿರೋಧ ಬರೆಯುವ ಕೆಲಸಕ್ಕೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಒಬ್ಬ ಎಂಜಿನಿಯರನ್ನೂ ಒಬ್ಬ ವಕೀಲರನ್ನೂ ನೇಮಿಸಿಕೊಳ್ಳಲಿ. ಇಬ್ಬರ ಸಂಬಳ ಪ್ರಾಧಿಕಾರಕ್ಕೆ ಹೊರೆಯಾಗುವ ಮೊತ್ತವಲ್ಲ.